ತಣ್ಣೀರ ಬಟ್ಟಲು ಬೇಡವೆಂದ ಕೈ

ನಾನೊಂದು ಕಾವಲು ಕಣ. ಹಾಗೆಂದರೇನು ಎಂದು ನೀವು ಕೇಳಿದರೆ ಅದಕ್ಕೂ ನನಗೆ ಸಿಟ್ಟು ಬರುತ್ತದೆ. ನನ್ನಂಥವರು ನಿಮ್ಮ ಮೈಯಲ್ಲೂ ಕೋಟಿಗಟ್ಟಲೆ ಇದ್ದಾರೆ, ನೀವು ಹುಟ್ಟಿದಾಗಿನಿಂದ ಒಂದು ದಿನ ರಜೆಯಿಲ್ಲದೆ ದುಡಿಯುತ್ತಿದ್ದಾರೆ, ನಿಮಗೆ ಹೆಸರೂ ಗೊತ್ತಿಲ್ಲ! ಒಳಗೆ ನುಗ್ಗಿದ ಕ್ರಿಮಿಯನ್ನು ಹಿಡಿದು ನುಂಗುವುದು, ಸತ್ತದ್ದನ್ನು ಮುರಿದದ್ದನ್ನು ತಿಂದು ಜಾಗ ಚೊಕ್ಕಟ ಮಾಡುವುದು ನಮ್ಮ ಕಸುಬು. ಅದಕ್ಕೆ ನಮ್ಮ ಹತ್ತಿರ ಇರುವ ಆಯುಧ ಸಿಟ್ಟೊಂದೇ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಊದಿ, ಬಿಸಿಯಾಗಿ, ಮುಟ್ಟಿದರೆ ಹಾ ಎನ್ನಿಸುತ್ತದಲ್ಲ, ಅದು ಮುಳ್ಳಿನ ಕೆಲಸವಲ್ಲ ಸ್ವಾಮಿ. ಅದು ನಮ್ಮ ಕೆಲಸ.

ನಾನು ಹುಟ್ಟಿದ್ದು ಆಂಜಿನಮ್ಮನ ಸೊಂಟದ ಮೂಳೆಯೊಳಗಿನ ಮಜ್ಜೆಯಲ್ಲಿ. ಅವಳಿಗಾಗ ಇಪ್ಪತ್ತೊಂಬತ್ತು. ಹುಟ್ಟಿದ ಮೇಲೆ ಒಂದೆರಡು ದಿನ ರಕ್ತದಲ್ಲಿ ಸುತ್ತಿದೆ. ಎದೆಯ ಹತ್ತಿರ ಬಂದಾಗ ಏನು ಗದ್ದಲ, ಏನು ನೂಕುನುಗ್ಗಲು! ಕೊನೆಗೆ ಅವಳ ಬಲಗೈಯ ಮೊಣಕೈಯಲ್ಲಿ ಇಳಿದೆ. ಮೊಣಕೈ ಬಾಗಿಲ ಚೌಕಟ್ಟಿಗೆ ತಾಗಿದರೆ ಕಿರುಬೆರಳ ತುದಿಯವರೆಗೆ ಕರೆಂಟು ಹೊಡೆದ ಹಾಗಾಗುತ್ತದಲ್ಲ, ಆ ನರದೊಳಗೆ ನನ್ನ ಠಾಣೆ. ರಕ್ತದಲ್ಲೇ ಓಡಾಡಿಕೊಂಡಿದ್ದ ನನ್ನ ಓರಗೆಯವರು ಬೇಗ ಬೇಗ ಮುಗಿದುಹೋದರು. ಒಂದು ಕಡೆ ಮನೆ ಮಾಡಿ ಕೂತ ನನ್ನಂಥವರಿಗೆ ಆಯಸ್ಸು ಜಾಸ್ತಿ.

ನನಗೆ ಕಣ್ಣಿಲ್ಲ. ಹೊರಗಿನ ಸುದ್ದಿಯನ್ನೆಲ್ಲ ನರವೇ ಹೇಳಬೇಕು. ಆಂಜಿನಮ್ಮ ಮೊಣಕೈ ಊರಿದಾಗ ಜನರ ಮಾತು ಮೂಳೆಯಲ್ಲಿ ನಡುಗಿಕೊಂಡು ನನ್ನವರೆಗೆ ಬರುತ್ತಿತ್ತು. ಅಷ್ಟರಿಂದಲೇ ನೋಡಿದ ಹಾಗೆ ಹೇಳುತ್ತೇನೆ. ತಕರಾರು ಮಾಡಬೇಡಿ.

ಆ ನರ ಇತ್ತಲ್ಲ, ಅಂಥ ಬಾಯಿಬಡುಕ ಇನ್ನೊಂದಿಲ್ಲ. ಬಿಸಿ, ತಣ್ಣಗೆ, ಒದ್ದೆ, ಒರಟು, ನುಣುಪು, ಬಳೆ ಜಾರಿತು, ಇರುವೆ ಹತ್ತಿತು, ಹೀಗೆ ಬೆಳಗಿನಿಂದ ರಾತ್ರಿಯವರೆಗೆ ಮಿದುಳಿಗೆ ವರದಿ ಒಪ್ಪಿಸುತ್ತಲೇ ಇರುತ್ತಿತ್ತು. ಜೊತೆಗೆ ನಮ್ಮ ಕಡೆಗೂ ಮಾತಾಡುತ್ತಿತ್ತು. ನಮ್ಮ ಮಾತಿಗೆ ಬಾಯಿ ಬೇಕಿಲ್ಲ. ಅದು ತನ್ನ ತುದಿಯಿಂದ ಒಂದು ತೊಟ್ಟು ರಸ ಬಿಡುತ್ತದೆ, ನನ್ನ ಮೈಮೇಲೆ ಅದನ್ನು ಹಿಡಿಯುವ ಪುಟ್ಟ ಕೊಂಡಿಗಳಿವೆ. ನಾನೂ ನನ್ನ ರಸ ಬಿಡುತ್ತೇನೆ, ಅದಕ್ಕೂ ಕೊಂಡಿಗಳಿವೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಆಂಜಿನಮ್ಮನ ಬೆರಳಿಗೆ ತಂತಿ ಹೊಕ್ಕಿತು. ನರ "ಚುಚ್ಚಿತು!" ಎಂದು ಕಿರುಚಿತು. ನಮ್ಮವರೆಲ್ಲ ನುಗ್ಗಿದರು, ರಸ ಚೆಲ್ಲಿದರು. ಅದು ತಾಗಿ ನರ ಇನ್ನಷ್ಟು ಕಿರುಚಿತು, ಆ ನೋವಿಗೆ ಅವಳು ಬೆರಳನ್ನು ಮೂರು ದಿನ ಅಲುಗಿಸದೆ ಇಟ್ಟುಕೊಂಡಳು. ಕ್ರಿಮಿಗಳು ಮುಗಿದ ಮೇಲೂ ನಮ್ಮ ಸಿಟ್ಟು ಇಳಿದಿರಲಿಲ್ಲ. ಆಗ ನರವೇ ಇನ್ನೊಂದು ಬಗೆಯ ತೊಟ್ಟು ಬಿಟ್ಟಿತು. "ಸಾಕು, ಸುಮ್ನಿರಿ" ಎಂದಿತು. ನಾವು ಕೂತೆವು. ಸಿಟ್ಟು ಎಬ್ಬಿಸುವುದು ಯಾರಿಗೂ ಬರುತ್ತದೆ, ಸಾಕು ಎನ್ನುವುದಕ್ಕೆ ಒಬ್ಬರು ಬೇಕು. ನಮಗೆ ಆ ನರ ಇತ್ತು.

ಆಂಜಿನಮ್ಮನದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಗೌಸ್ ಸಾಬರ ಶೆಡ್ಡಿನಲ್ಲಿ ಹನ್ನೆರಡು ಬೇಸಿನ್ನು, ಒಂದೊಂದರ ಮುಂದೆ ಒಬ್ಬ ಹೆಂಗಸು. ಬೇಸಿನ್ನಿನ ಸುಡುನೀರಿನಲ್ಲಿ ಬೆಂದ ಗೂಡುಗಳು ಕುಣಿಯುತ್ತಿರುತ್ತವೆ. ನೀರಿಗೆ ಕೈಯಿಟ್ಟು ಗೂಡಿನ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ ರಾಟೆಗೆ ಕೊಡಬೇಕು. ಒಂದು ಎಳೆ ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದನ್ನು ಎಸೆದು ಅಂಟಿಸಬೇಕು. ಪ್ರತಿಯೊಬ್ಬರ ಬಲಗಡೆ ಒಂದು ಸ್ಟೀಲು ಬಟ್ಟಲು, ಅದರ ತುಂಬ ತಣ್ಣೀರು. ಬಿಸಿನೀರಿನಲ್ಲಿ ಒಂದು ಸಲ, ತಣ್ಣೀರಿನಲ್ಲಿ ಒಂದು ಸಲ. ಹಾಗೆ ಅದ್ದಿ ಅದ್ದಿಯೇ ಆ ಹೆಂಗಸರ ಬೆರಳು ಉಳಿದಿರುವುದು.

ಮನೆಯಲ್ಲಿ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು. ಗಂಡ ಇದ್ದೂ ಇಲ್ಲದ ಹಾಗೆ. ಅಷ್ಟು ಹೊಟ್ಟೆಗೂ ಈ ಬಲಗೈಯೇ ಆಧಾರ. ಇದನ್ನು ನೆನಪಿಟ್ಟುಕೊಳ್ಳಿ.

ಕಳ್ಳರು ಯಾವಾಗ ಬಂದರೋ ನನಗೆ ಗೊತ್ತಾಗಲಿಲ್ಲ. ಕಾವಲುಗಾರ ಈ ಮಾತು ಹೇಳುವುದಕ್ಕಿಂತ ನಾಚಿಕೆಗೇಡು ಬೇರೇನಿದೆ? ಸಣ್ಣ ಕೋಲಿನಂಥ ಕ್ರಿಮಿಗಳು ಅವು. ಬೇರೆ ಕ್ರಿಮಿಗಳು ಬಂದರೆ ಗಲಾಟೆ ಮಾಡಿಕೊಂಡು ಬರುತ್ತವೆ, ಮೂರು ಗಂಟೆಯೊಳಗೆ ಒಂದು ನೂರಾಗುತ್ತದೆ. ಇವು ಒಂದು ಎರಡಾಗುವುದಕ್ಕೆ ಎರಡು ವಾರ ತೆಗೆದುಕೊಂಡವು. ನರದ ಎಳೆಗಳಿಗೆ ಹೊದಿಕೆ ಸುತ್ತುವ ಬಡಪಾಯಿ ಕಣಗಳಿವೆಯಲ್ಲ, ಅವುಗಳ ಒಳಗೆ ಹೊಕ್ಕು ಬೆಚ್ಚಗೆ ಮಲಗಿಬಿಟ್ಟವು. ನಮ್ಮವರಲ್ಲಿ ಕೆಲವರು ನುಂಗಿದರು, ಆದರೆ ಅರಗಿಸಿಕೊಳ್ಳಲು ಆಗಲಿಲ್ಲ. ಹೊಟ್ಟೆಯಲ್ಲಿ ಕಳ್ಳನನ್ನು ಇಟ್ಟುಕೊಂಡೇ ಪೆಚ್ಚಾಗಿ ಕೂತರು. ಹೀಗೇ ವರ್ಷಗಳು ಹೋದವು.

ನರದ ಮಾತು ಕಡಿಮೆಯಾಯಿತು. ಮೊದಲು ತಣ್ಣಗೆ ಎನ್ನುವುದನ್ನು ಬಿಟ್ಟಿತು, ಆಮೇಲೆ ಬಿಸಿ ಎನ್ನುವುದನ್ನೂ ಬಿಟ್ಟಿತು. ಕಿರುಬೆರಳಿನಿಂದ ಸುದ್ದಿ ಬರುವುದು ನಿಂತು, ಉಂಗುರ ಬೆರಳಿನಿಂದಲೂ ನಿಂತಿತು. ನಾನು ತೊಟ್ಟು ಬಿಟ್ಟು ಕೇಳಿದೆ, "ಏನಾಯ್ತು?" ಉತ್ತರವಿಲ್ಲ. ವಯಸ್ಸಾಯಿತೇನೋ, ದಣಿದಿದೆಯೇನೋ ಅಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ!

ಈಗ ಹೊರಗೆ ನಡೆದದ್ದನ್ನು ಕೇಳಿ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬಿಸಿ ಗೊತ್ತಾಗದ ಮೇಲೆ ಆಂಜಿನಮ್ಮನ ಕೈ ತಣ್ಣೀರ ಬಟ್ಟಲ ಕಡೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಬಟ್ಟಲಿಗೆ ನೀರು ತುಂಬಿಸುವುದನ್ನೇ ಬಿಟ್ಟಳು. ಅದ್ದಿ ತೆಗೆಯುವ ಹೊತ್ತು ಉಳಿದು ಅವಳ ನೂಲು ಎಲ್ಲರಿಗಿಂತ ಮುಂದೆ ಓಡಿತು. ಪಕ್ಕದ ಬೇಸಿನ್ನಿನ ಮುಬೀನಾ ಗಮನಿಸಿದಳು.

"ಅಕ್ಕಾ, ಸುಡಲ್ವಾ ನಿಂಗೆ?"

"ಏನೋಮ್ಮಾ, ಅಭ್ಯಾಸ ಆಗ್ಬಿಟ್ಟೈತೆ. ಹದಿನೈದ್ ವರ್ಷ ಆಯ್ತಲ್ಲ."

ಗೌಸ್ ಸಾಬರಿಗೆ ಸುದ್ದಿ ಮುಟ್ಟಿತು. ಕೆಟ್ಟವರಲ್ಲ ಅವರು. ಹಬ್ಬಕ್ಕೆ ಎಲ್ಲರ ಮನೆಗೂ ಖೀರು ಕಳಿಸುವ ಮನುಷ್ಯ. ಆದರೆ ಖುಷಿಯಾದರೆ ಬಾಯಿ ಸುಮ್ಮನಿರುವುದಿಲ್ಲ. ಶೆಡ್ಡಿನ ನಡುವೆ ನಿಂತು ಕೂಗಿದರು: "ನೋಡ್ರಮ್ಮಾ, ಇದು ಕೈ ಅಂದ್ರೆ! ಆಂಜಿನಮ್ಮಂಗೆ ತಣ್ಣೀರೂ ಬೇಡ, ಏನೂ ಬೇಡ. ಗೂಡು ಕೊಟ್ರೆ ನೂಲು ಬರ್ತದೆ. ಕಲೀರಿ ಒಸಿ!"

ಆಂಜಿನಮ್ಮ ಉಬ್ಬಿಹೋದಳು. ಯಾಕೆ ಉಬ್ಬಬಾರದು? ಹದಿನೈದು ವರ್ಷದಲ್ಲಿ ಆ ಕೈಯನ್ನು ಯಾರಾದರೂ ಕೈ ಎಂದು ಕರೆದಿದ್ದರೇ? ಗೂಡು ತರುವ ರೈತರನ್ನೂ ಸಾಬರು ಅವಳ ಬೇಸಿನ್ನಿನ ಹತ್ತಿರ ಕರೆದುಕೊಂಡು ಬಂದು ತೋರಿಸಿದರು. ಹೊಸದಾಗಿ ಸೇರಿದ ಹೆಂಗಸರನ್ನು ಅವಳ ಪಕ್ಕ ಕೂರಿಸಿದರು. ಅವರಲ್ಲಿ ಗಂಗರತ್ನ ಅಂತ ಒಬ್ಬಳು, ಈಚೆಗೆ ಮದುವೆಯಾಗಿ ಬಂದವಳು, "ಅಕ್ಕನ ತರ ಆಗ್ಬೇಕು" ಅಂತ ದಿನಾ ಹೇಳುತ್ತಿದ್ದಳು. ಕಿರುಬೆರಳ ಬದಿಯಲ್ಲಿ ಬೊಬ್ಬೆ ಎದ್ದರೆ ಆಂಜಿನಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಸೆರಗಿನಲ್ಲಿ ಮರೆಮಾಡುತ್ತಿದ್ದಳು. ಬೆಂದ ಬೆರಳನ್ನು ಬಚ್ಚಿಡುವುದು, ಬೇಯುವುದು ಗೊತ್ತಾಗದ್ದಕ್ಕೆ ಬೀಗುವುದು! ನನಗೆ ಬಾಯಿದ್ದಿದ್ದರೆ ಆ ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಬೈಯುತ್ತಿದ್ದೆ.

ನನಗೂ ಬೈಯುವವರು ಬೇಕಿತ್ತು, ಅದನ್ನೂ ಹೇಳಿಬಿಡುತ್ತೇನೆ.

ತಣ್ಣೀರು ಬಿಟ್ಟ ಮೂರನೆಯ ವರ್ಷ ಆಂಜಿನಮ್ಮನ ಮುಂದೋಳಿನಲ್ಲಿ ಒಂದು ಮಾಸಲು ಮಚ್ಚೆ ಇದ್ದಕ್ಕಿದ್ದ ಹಾಗೆ ಕೆಂಪಾಗಿ ಉಬ್ಬಿತು. ನಮ್ಮವರಲ್ಲಿ ಯಾರೋ ಕೊನೆಗೂ ಕಳ್ಳರನ್ನು ಗುರುತಿಸಿದ್ದರು. ರಕ್ತದಲ್ಲಿ ಡಂಗುರವಾಯಿತು. ದಂಡು ದಂಡಾಗಿ ನಮ್ಮವರು ಬಂದು ನರದೊಳಗೆ ನುಗ್ಗಿದರು. ಇಷ್ಟು ವರ್ಷ ಮೋಸಹೋದ ಅವಮಾನ ಬೇರೆ. ನಾನೂ ಎದ್ದೆ. ಕೈಗೆ ಸಿಕ್ಕ ವಿಷವನ್ನೆಲ್ಲ ಚೆಲ್ಲಿದೆ. ಕಳ್ಳರಿದ್ದದ್ದು ಎಲ್ಲಿ? ನರದ ಹೊದಿಕೆಯೊಳಗೆ. ನಾನು ಸುಟ್ಟಿದ್ದು ಏನನ್ನು? ಹೊದಿಕೆಯನ್ನು, ಅದರೊಳಗಿನ ಎಳೆಯನ್ನು, ನನ್ನ ಜೊತೆ ಒಂಬತ್ತು ವರ್ಷ ಹರಟೆ ಹೊಡೆದ ಆ ನರವನ್ನು! ಮೊಣಕೈಯ ಇಕ್ಕಟ್ಟಿನಲ್ಲಿ ನರ ಹಗ್ಗದ ಹಾಗೆ ದಪ್ಪವಾಗಿ ಊದಿತು, ಊದಿ ತನ್ನನ್ನೇ ಹಿಸುಕಿಕೊಂಡಿತು. ಸಾಕು ಅನ್ನಬೇಕಾದದ್ದು ಅದೇ ನರ, ಅದರ ಬಾಯಿ ಆಗಲೇ ಕಟ್ಟಿಹೋಗಿತ್ತು. ನಾನು ಸಾಕು ಎಂಬ ಮಾತಿಗೆ ಕಾಯಲೂ ಇಲ್ಲ. ಸಿಟ್ಟು ಬಹಳ ರುಚಿಯಾಗಿತ್ತು.

ಆಂಜಿನಮ್ಮನಿಗೆ ಮೊಣಕೈ ಸಿಡಿಯುವ ನೋವು. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿದವು, ನೆಟ್ಟಗೆ ಮಾಡಲು ಹೋದರೆ ಬರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದ ಎಳೆ ಜಾರತೊಡಗಿತು. ಕಡಿದ ಎಳೆಯನ್ನು ಎಸೆದರೆ ಪಕ್ಕದ ಸಾಲಿಗೆ ಬಿತ್ತು. ಮೂರು ತಿಂಗಳು ಯಾರಿಗೂ ಹೇಳದೆ, ಮುಬೀನಾಳ ಸಹಾಯದಿಂದ ಹೇಗೋ ದಿನ ತಳ್ಳಿದಳು.

ಒಂದು ಭಾನುವಾರ ಆಶಾ ಕಾರ್ಯಕರ್ತೆ ಲೋಕೇಶ್ವರಿ ಮನೆಗೆ ಬಂದಳು.

"ಅಕ್ಕಾ, ಮೈ ಮೇಲೆ ಮಚ್ಚೆ ಏನಾದ್ರೂ ಐತಾ? ಎಲ್ಲಾ ಮನೆಯಾಗೂ ಕೇಳ್ತಾ ಇವ್ನಿ, ಬೇಜಾರ್ ಮಾಡ್ಕಬ್ಯಾಡಿ."

"ತೋಳಾಗೆ ಒಂದೈತೆ ಕಣಮ್ಮ. ಹುಳುಕಡ್ಡಿ ಅದು."

"ಕಣ್ ಮುಚ್ಕಳಿ. ಪೆನ್ನಿನ ತುದಿ ಮುಟ್ಟಿಸ್ತೀನಿ, ಮುಟ್ಟಿದ ಕಡೆ ಬೆರಳಿಟ್ಟು ತೋರ್ಸಿ."

ಆಂಜಿನಮ್ಮ ಕಣ್ಣು ಮುಚ್ಚಿ ಕೂತಳು. ಕೂತೇ ಇದ್ದಳು. ಕೊನೆಗೆ ಅವಳಿಗೇ ಬೇಸರ ಬಂತು. "ಸುರು ಮಾಡಮ್ಮ, ಎಷ್ಟೊತ್ತು ಹಿಂಗೇ ಕೂತಿರ್ಲಿ? ಒಲೆ ಮ್ಯಾಲೆ ಸಾರಿಟ್ಟಿವ್ನಿ."

ಲೋಕೇಶ್ವರಿ ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ಮೆಲ್ಲಗೆ, "ಏಳು ಸಲ ಮುಟ್ಟಿಸ್ದೆ ಅಕ್ಕಾ" ಅಂದಳು.

ಮಾರನೆಯ ದಿನ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮೊಣಕೈಯ ಹಿಂದೆ ಬೆರಳಿಟ್ಟು ನರವನ್ನು ತಡವಿದರು. ಒಂಬತ್ತು ವರ್ಷದಲ್ಲಿ ಹೊರಗಿನವರೊಬ್ಬರು ನಮ್ಮ ಠಾಣೆಯ ಬಾಗಿಲು ತಟ್ಟಿದ್ದು ಅದೇ ಮೊದಲು.

"ಇದು ಕುಷ್ಠ ಆಂಜಿನಮ್ಮ. ಹೆಸರು ಕೇಳಿ ಹೆದರಬೇಡಿ. ಒಂದು ವರ್ಷ ಮಾತ್ರೆ ತಗೊಂಡ್ರೆ ಪೂರ್ತಿ ವಾಸಿಯಾಗುತ್ತೆ. ಶುರು ಮಾಡಿದ ಮೇಲೆ ಇನ್ನೊಬ್ಬರಿಗೆ ಅಂಟೋದೂ ಇಲ್ಲ. ಆದ್ರೆ ಈ ನರ ಇದೆಯಲ್ಲ, ಇದನ್ನ ಈಗ ಕ್ರಿಮಿಗಿಂತ ಜಾಸ್ತಿ ನಿಮ್ಮ ಮೈಯ ಕಾವಲಿನ ಕಣಗಳೇ ಹಾಳು ಮಾಡ್ತಿವೆ. ಅವುಗಳ ಸಿಟ್ಟು ಇಳಿಸೋಕೆ ಬೇರೆ ಮಾತ್ರೆ ಕೊಡ್ತೀನಿ. ಬೆರಳು ಬಗ್ಗಿ ಮೂರು ತಿಂಗಳು ಅಂದ್ರಿ. ಆರು ತಿಂಗಳು ದಾಟಿದ್ರೆ ಕೈ ವಾಪಸ್ ಬರೋದು ಕಷ್ಟ ಆಗ್ತಿತ್ತು."

ಕೇಳಿದಿರಾ? ಹಾಳು ಮಾಡಿದವರು ನಾವಂತೆ! ನನಗೆ ಎಲ್ಲಿಲ್ಲದ ರೋಷ ಬಂತು. ಹಗಲೂ ರಾತ್ರಿ ದುಡಿದವನಿಗೆ ಈ ಮಾತೇ? ಆದರೆ ಸುಳ್ಳು ಎನ್ನುವಂತಿರಲಿಲ್ಲ. ನನ್ನ ಸುತ್ತ ಬೂದಿಯೇ ಇತ್ತು.

ಆಂಜಿನಮ್ಮ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಕೇಳಿದಳು: "ಹಂಗಾದ್ರೆ ಮೂರು ವರ್ಷ ನನ್ ಕೈ ಬೇಯ್ತಾ ಇತ್ತಾ?"

ಮರುದಿನ ಕೆಲಸಕ್ಕೆ ಹೋಗಿ ಗೌಸ್ ಸಾಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಬರು ಎರಡು ಹೆಜ್ಜೆ ಹಿಂದೆ ಸರಿದರು.

"ಮನೇಲಿ ಆರಾಮಾಗಿರಮ್ಮ. ಪೂರಾ ವಾಸಿ ಆದ್ಮೇಲೆ ಬಾ. ನಂಗೇನಿಲ್ಲ, ಬೇರೆ ಹೆಂಗಸ್ರು ಹೆದರ್ಕೊಂತಾರೆ."

ಅವಳು ಹೋಗಲಿಲ್ಲ. ಶೆಡ್ಡಿನೊಳಗೆ ಬಂದು ತನ್ನ ಬೇಸಿನ್ನಿನ ಪಕ್ಕದಲ್ಲಿದ್ದ ಖಾಲಿ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಹನ್ನೊಂದು ರಾಟೆಗಳೂ ನಿಂತವು.

"ಮೂರು ವರ್ಷ ಈ ಕೈನ ಮೆರವಣಿಗೆ ಮಾಡಿದ್ರಲ್ಲ ಸಾಬ್ರೆ! ಬಂದೋರ್ಗೆಲ್ಲ ತೋರ್ಸಿದ್ರಲ್ಲ! ಚರ್ಮ ಬೆಂದು ನೀರಾಗೆ ಬಿಚ್ಕಂತಾ ಇದ್ರೆ ಸೈ ಸೈ ಅಂದ್ರಿ. ಈಗ ಅದಕ್ಕೊಂದು ಹೆಸರು ಐತೆ ಅಂದ್ರೆ ಆಚೆ ಹೋಗು ಅಂತೀರಾ? ಹೊಗಳಾಕೆ ಹೆದರ್ಕೆ ಆಗ್ಲಿಲ್ವಾ ನಿಮ್ಗೆ?"

"ನಂಗೆ ಗೊತ್ತಾಗ್ಲಿಲ್ಲಮ್ಮ" ಅಂದರು ಸಾಬರು. ದನಿ ಸಣ್ಣದಾಗಿತ್ತು.

"ನಂಗೂ ಗೊತ್ತಾಗ್ಲಿಲ್ಲ! ಗೊತ್ತಾಗ್ದೆ ಇರೋದೇ ಈ ಕಾಯಿಲೆ. ನಿಮ್ಗೆ ಯಾವ ಕಾಯಿಲೆ?"

ಆಂಜಿನಮ್ಮ ತಿರುಗಿದಳು, ಗಂಗರತ್ನನ ಬೇಸಿನ್ನು ಕಂಡಿತು. ಅದರ ಪಕ್ಕ ಬಟ್ಟಲು ಇರಲಿಲ್ಲ.

"ಎಲ್ಲಮ್ಮೀ ನಿನ್ ಬಟ್ಲು?"

ಗಂಗರತ್ನ ತಲೆ ತಗ್ಗಿಸಿದಳು. ಬಟ್ಟಲನ್ನು ಮಣೆಯ ಕೆಳಗೆ ತಳ್ಳಿದ್ದಳು.

"ಕೈ ತೋರ್ಸು. ಕಣ್ ಮುಚ್ಕೊ." ಆಂಜಿನಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಮುಟ್ಟುತ್ತಲೇ ಹುಡುಗಿ ಹಾ, ಹಾ ಎಂದು ಕೈ ಎಳೆದುಕೊಂಡಳು. ಆ ಕೈಗೆ ಯಾವ ರೋಗವೂ ಇರಲಿಲ್ಲ, ನರವೆಲ್ಲ ಗಟ್ಟಿಯಾಗಿತ್ತು. ಸುಡುವುದೆಲ್ಲ ಗೊತ್ತಾಗುತ್ತಿತ್ತು. ಅಕ್ಕನ ಹಾಗೆ ಆಗಬೇಕೆಂದು ಎರಡು ತಿಂಗಳಿಂದ ಹಲ್ಲು ಕಚ್ಚಿ ಸುಡಿಸಿಕೊಂಡಿದ್ದಳು.

ಆಗ ಆಂಜಿನಮ್ಮ ಅತ್ತಳು. ಗಂಗರತ್ನನ ಬೆನ್ನಿಗೆ ಎಡಗೈಯಲ್ಲಿ ಒಂದು ಗುದ್ದು ಗುದ್ದಿ, ತಬ್ಬಿಕೊಂಡು, "ಮುಂಡೇದೇ, ಸುಟ್ರೆ ಸುಡ್ತು ಅನ್ನಾಕೆ ಏನು ದಾಡಿ ನಿಂಗೆ?" ಎಂದು ಅತ್ತಳು.

ನೆಲದ ಮೇಲೆ ಬಿದ್ದಿದ್ದ ಬಟ್ಟಲನ್ನು ಮುಬೀನಾ ಎತ್ತಿದಳು. ನಲ್ಲಿಯ ಹತ್ತಿರ ಹೋಗಿ ತುಂಬಿಸಿ ತಂದು ಆಂಜಿನಮ್ಮನ ಬೇಸಿನ್ನಿನ ಪಕ್ಕದಲ್ಲೇ ಇಟ್ಟಳು. "ಅಕ್ಕ ಎಲ್ಲೂ ಹೋಗಲ್ಲ ಭಾಯ್. ಹೆದರೋರು ಯಾರು, ಅವ್ರು ಎದ್ದು ನಿಲ್ಲಲಿ" ಅಂದಳು. ಯಾರೂ ಏಳಲಿಲ್ಲ. ಗೌಸ್ ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡು, ಗಂಗರತ್ನನ ಮಣೆಯ ಕೆಳಗಿನ ಬಟ್ಟಲನ್ನು ತಾವೇ ಬಗ್ಗಿ ಎತ್ತಿಕೊಂಡು ನಲ್ಲಿಯ ಕಡೆ ನಡೆದರು. ಕೈ ಸುಧಾರಿಸುವವರೆಗೆ ಆಂಜಿನಮ್ಮನಿಗೆ ಗೂಡು ಆರಿಸುವ ಕೆಲಸ ಎಂದು ಆಯಿತು.

ಇತ್ತ ನನಗೂ ಒಂದು ಏಟು ಬಿತ್ತು. ಆ ಇನ್ನೊಂದು ಮಾತ್ರೆ ಬಂತಲ್ಲ, ಅದು ನನ್ನ ಒಳಗೇ ನುಗ್ಗಿ ಸಿಟ್ಟಿನ ಕೀಲಿ ತಿರುಗಿಸಿಬಿಟ್ಟಿತು. ನರ ಸಾಕು ಅಂದರೆ ಅದರಲ್ಲಿ ಸಲಿಗೆ ಇರುತ್ತಿತ್ತು. ಇದು ಕುತ್ತಿಗೆ ಹಿಡಿದು ಕೂರಿಸಿದ ಹಾಗೆ. ಮೊದಲ ವಾರ ನಾನು ಕುದಿದೆ, ಒದರಾಡಿದೆ. ಆದರೆ ಊತ ಇಳಿಯಿತು. ಹೊರಗಿನಿಂದ ಬಂದ ದಂಡು ಚದುರಿತು. ಉಳಿದವರು ನಾನು, ನನ್ನಂಥ ನಾಲ್ಕಾರು ಹಳಬರು, ನಮ್ಮ ಮುಂದೆ ನಾವೇ ಸುಟ್ಟ ನರ. ಕಳ್ಳರನ್ನು ಮೊದಲ ಮಾತ್ರೆಗಳು ಕೊಂದಿದ್ದವು, ನಾವಲ್ಲ. ಅಷ್ಟು ಕುಣಿದ ನಮ್ಮ ಕೈಯಲ್ಲಿ ಆಗಿದ್ದು ಮನೆಗೆ ಬೆಂಕಿ ಇಡುವುದೊಂದೇ.

ಇನ್ನೇನು ಮಾಡುವುದು? ಕಸುಬು ಗೊತ್ತಿತ್ತಲ್ಲ, ತಿನ್ನತೊಡಗಿದೆ. ಹರಿದ ಹೊದಿಕೆ, ಕರಟಿದ ಎಳೆ, ಎಲ್ಲವನ್ನೂ ಚೂರು ಚೂರಾಗಿ ತಿಂದೆ. ನಾನು ಹಚ್ಚಿದ ಬೆಂಕಿಯ ಬೂದಿಯನ್ನು ನಾನೇ ತಿಂದೆ. ಜಾಗ ಚೊಕ್ಕಟವಾದ ಕಡೆ ನರದ ಬುಡದಿಂದ ಹೊಸ ಎಳೆ ಹೊರಟಿತು. ದಿನಕ್ಕೆ ಒಂದು ಅಕ್ಕಿಕಾಳಿನ ದಪ್ಪದಷ್ಟು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಮೊಣಕೈಯಿಂದ ಬೆರಳ ತುದಿಗೆ ಎಷ್ಟು ದೂರ, ನೀವೇ ಅಳೆದುಕೊಳ್ಳಿ. ಆಂಜಿನಮ್ಮ ದಿನಾ ಸಂಜೆ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ, ಬಾಗಿದ ಬೆರಳುಗಳನ್ನು ತೊಡೆಯ ಮೇಲಿಟ್ಟು ನೀವಿ ನೆಟ್ಟಗೆ ಮಾಡುತ್ತಿದ್ದಳು. ನೀವುವಾಗ ಬೆರಳಿಗೆ ಬೈಯುತ್ತಿದ್ದಳು. ಬೈಗುಳ ಮೂಳೆಯಲ್ಲಿ ಇಳಿದು ನನಗೆ ಕೇಳಿಸುತ್ತಿತ್ತು, ನನಗೇ ಬೈದಂತಿತ್ತು. ತೆಪ್ಪಗೆ ಕೇಳಿಸಿಕೊಂಡೆ.

ಕಿರುಬೆರಳು ಬರಲಿಲ್ಲ. ಅದು ಇವತ್ತಿಗೂ ಬಾಗಿಯೇ ಇದೆ, ಮರದ ತುಂಡಿನ ಹಾಗೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಗಟ್ಟಿ ಕಲೆ ಕಟ್ಟಿದೆ. ಅದರ ಪಕ್ಕದಲ್ಲೇ ಈಗ ನನ್ನ ಮೂಲೆ, ಆ ಕಲೆಯಲ್ಲಿ ನನ್ನ ಪಾಲೂ ಇದೆ. ನನಗೂ ವಯಸ್ಸಾಯಿತು. ನುಂಗಿದ್ದು ಬೇಗ ಅರಗುವುದಿಲ್ಲ. ಸಿಟ್ಟು ಹೋಗಿದೆ ಅಂದುಕೊಳ್ಳಬೇಡಿ. ನೋವು ತಡೆದುಕೊಂಡವರನ್ನು ಯಾರಾದರೂ ಭೇಷ್ ಅಂದರೆ ಈಗಲೂ ನನ್ನ ಮೈಯೆಲ್ಲ ಉರಿ ಏಳುತ್ತದೆ.

ಒಂದೂವರೆ ವರ್ಷದ ಮೇಲೆ ಆಂಜಿನಮ್ಮ ಮತ್ತೆ ಬೇಸಿನ್ನಿನ ಮುಂದೆ ಕೂತಳು. ಈಗ ಅವಳ ಬಟ್ಟಲೇ ಎಲ್ಲರದಕ್ಕಿಂತ ದೊಡ್ಡದು. ಬಿಸಿ ಗೊತ್ತಾಗಲಿ ಬಿಡಲಿ, ಡಾಕ್ಟರಮ್ಮ ಹೇಳಿದ ಹಾಗೆ ಕೈಗೆ ರಬ್ಬರಿನ ಗವಸು ಹಾಕಿ, ಎರಡು ಸಲ ಬೇಸಿನ್ನಿಗೆ ಇಟ್ಟರೆ ಒಂದು ಸಲ ತಣ್ಣೀರಿಗೆ ಅದ್ದಿಯೇ ತೀರುತ್ತಿದ್ದಳು. ಎಳೆ ನಿಧಾನವಾಗಿ ಹೋದರೆ ಹೋಗಲಿ ಅನ್ನುತ್ತಿದ್ದಳು. ಸಾಬರು ತುಟಿ ಪಿಟಕ್ ಅನ್ನುತ್ತಿರಲಿಲ್ಲ.

ಹೋದ ಮಂಗಳವಾರ ಗವಸಿನ ಉಂಗುರ ಬೆರಳು ಹರಿದಿತ್ತು, ಅವಳು ನೋಡಿರಲಿಲ್ಲ. ಕೈ ನೀರಿಗಿಳಿಯಿತು. ನಾನು ನನ್ನ ಮೂಲೆಯಲ್ಲಿ ತೂಕಡಿಸುತ್ತಿದ್ದೆ. ಎಲ್ಲಿಂದಲೋ, ತೊದಲುತ್ತಾ, ಒಂದು ಸುದ್ದಿ ಬಂತು. ಇಷ್ಟು ವರ್ಷದಲ್ಲಿ ಮರೆತೇಹೋಗಿದ್ದ ದನಿ. "ಬಿಸಿ" ಎಂದಿತು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಬಿಸಿ!"

"ಅಯ್ಯಯ್ಯಪ್ಪಾ! ಸುಡ್ತು! ಮುಬೀನಾ, ಸುಡ್ತು ಕಣೇ!"

ಆಂಜಿನಮ್ಮ ಕೈಯನ್ನು ಬಟ್ಟಲಿಗೆ ಅದ್ದಿದಳು. ನೀರೆಲ್ಲ ಚೆಲ್ಲಿತು. ಗಂಗರತ್ನ ಎದ್ದು ಓಡಿಬಂದಳು, ಯಾರೋ ನಕ್ಕರು, ಯಾರೋ ಮೂಗು ಎಳೆದುಕೊಂಡರು. ಅವಳು ಮಾತ್ರ "ಸುಡ್ತು, ಸುಡ್ತು" ಎಂದು ಶೆಡ್ಡಿಗೆಲ್ಲ ಸಾರುತ್ತಲೇ ಇದ್ದಳು.

ಹಳೆಯ ಅಭ್ಯಾಸ, ನಾನು ಎದ್ದುಬಿಟ್ಟೆ. ರೋಷ ಗಂಟಲವರೆಗೆ ಬಂದಿತ್ತು, ವಿಷ ಕೈಯಲ್ಲಿತ್ತು. ಇನ್ನೇನು ಚೆಲ್ಲಬೇಕು, ಹೊಸ ಎಳೆಯ ತುದಿಯಿಂದ ಒಂದು ತೊಟ್ಟು ನನ್ನ ಮೇಲೆ ಬಿತ್ತು. ಆ ತೊಟ್ಟಿನ ರುಚಿ ನನಗೆ ಗೊತ್ತಿತ್ತು.

"ಸಾಕು, ಸುಮ್ನಿರು" ಎಂದಿತು ನರ.

ಕೂತೆ.